ಗುಲಗಂಜಿ ತೂಕ

ನನ್ನ ಎಡಗೈ ಮಣಿಕಟ್ಟು ಒಂದಿಷ್ಟು ಸೊಟ್ಟ. ಒಂಬತ್ತನೇ ವಯಸ್ಸಿನಲ್ಲಿ ಸೀಬೆಮರದಿಂದ ಬಿದ್ದಾಗ ಅಜ್ಜಿ ನನ್ನನ್ನು ಎಳೆದುಕೊಂಡು ಹೋಗಿದ್ದು ಆಸ್ಪತ್ರೆಗಲ್ಲ, ಪಕ್ಕದೂರಿನ ಮೂಳೆ ಕಟ್ಟುವವರ ಜಗಲಿಗೆ. ಬಿದಿರ ದಬ್ಬೆ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟಿನ ಮುಗ್ಗಲು ವಾಸನೆ, ಇಪ್ಪತ್ತೊಂದು ದಿನದ ಪಥ್ಯ. ಕೈ ಕೂಡಿತು. ಬರೆಯುತ್ತದೆ, ಬಕೆಟ್ ಎತ್ತುತ್ತದೆ. ಬೀಗದ ಕೈ ತಿರುಗಿಸುವಾಗ ಮಾತ್ರ ಒಂದು ಹಂತಕ್ಕೆ ಬಂದು ಹಟ ಹಿಡಿಯುತ್ತದೆ. ಆ ಸೊಟ್ಟಕ್ಕೆ ಯಾರನ್ನು ಬೈಯಬೇಕೆಂದು ನನಗೆ ಇಂದಿಗೂ ತೀರ್ಮಾನವಾಗಿಲ್ಲ. ಕಳೆದ ಮಾಗಿಯಲ್ಲಿ ನಂಜನಗೂಡಿನಿಂದ ಮೂಗೂರಿನವರೆಗೆ ನಾಟಿ ವೈದ್ಯರನ್ನೂ ಆಯುರ್ವೇದದ ಡಾಕ್ಟರುಗಳನ್ನೂ ಹುಡುಕಿಕೊಂಡು ಎರಡು ದಿನ ಬಸ್ಸು ಹತ್ತಿ ಇಳಿದೆ. ಈ ಕೈಯೂ ಜೊತೆಗಿತ್ತು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಅಭಿಪ್ರಾಯವೂ ಅಲ್ಲಿ ಇಲ್ಲಿ ಸೊಟ್ಟಗಿದ್ದರೆ ಆಶ್ಚರ್ಯವಿಲ್ಲ.

ನಂಜನಗೂಡಿನಿಂದಲೇ ಶುರು ಮಾಡಿದ್ದಕ್ಕೆ ಕಾರಣ ಆ ಹೆಸರು. ನಮ್ಮ ಕಡೆ ನಂಜು ಎಂದರೆ ಬರೀ ವಿಷವಲ್ಲ. ಗಾಯ ಕೀವಾದರೆ ನಂಜಾಯಿತು. ಗಾಯವಿದ್ದಾಗ ಬದನೆಕಾಯಿ ತಿಂದರೆ ನಂಜು. ಹಾವು ಕಚ್ಚಿದರೆ ನಂಜು ಏರುತ್ತದೆ, ಸರಿ. ದಾಯಾದಿಯ ಹೊಟ್ಟೆಯೊಳಗೂ ನಂಜೇ ಇರುತ್ತದೆ. ಇಷ್ಟೂ ನಂಜನ್ನು ಉಂಡವನೊಬ್ಬ ಕಪಿಲೆಯ ದಡದಲ್ಲಿ ಕೂತಿದ್ದಾನೆ. ಸಂಸ್ಕೃತದವರು ಊರನ್ನು ಗರಳಪುರಿ ಎಂದರು. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತಂತೆ. ಅವನು ಪಚ್ಚೆಯ ಲಿಂಗ ಕೊಟ್ಟು, ದೇವರನ್ನು ಹಕೀಮ ನಂಜುಂಡ ಎಂದು ಕರೆದನಂತೆ. ಯಾವ ಮಂಡಳಿಯಲ್ಲೂ ನೋಂದಾಯಿಸಿಕೊಳ್ಳದೆ, ಯಾವ ಪರೀಕ್ಷೆಗೂ ಕೂರದೆ ಯುನಾನಿ ಪದವಿ ಪಡೆದ ಶಿವ ಇವನೊಬ್ಬನೇ ಇರಬೇಕು. ಇವನಿಗೆ ಒಪ್ಪಿಸುವುದು ಒಣಶುಂಠಿ, ಸಕ್ಕರೆ, ಬೆಣ್ಣೆ. ಕುಡಿದ ವಿಷದ ಉರಿ ತಗ್ಗಲಿ ಎಂದು. ದೇವರೇ ರೋಗಿ, ದೇವರೇ ವೈದ್ಯ. ಪಥ್ಯ ಮಾತ್ರ ಭಕ್ತರ ಜವಾಬ್ದಾರಿ.

ಈ ಊರಿನ ಇನ್ನೊಂದು ಮದ್ದು ಕರ್ನಾಟಕದ ಬಚ್ಚಲುಮನೆಗಳನ್ನೆಲ್ಲ ಹೊಕ್ಕಿತ್ತು. ಬಿ. ವಿ. ಪಂಡಿತರು 1913ರಲ್ಲಿ ಇಲ್ಲಿ ಸದ್ವೈದ್ಯಶಾಲೆ ತೆರೆದರು. ಅಲ್ಲಿಂದ ಹೊರಟ ನಂಜನಗೂಡು ಹಲ್ಲುಪುಡಿ ಊರಿನ ಹೆಸರನ್ನು ರಸಬಾಳೆಗಿಂತ ದೂರ ಒಯ್ದಿತು. ನಮ್ಮ ಮನೆಯ ಹಿತ್ತಲಲ್ಲಿ ಬೆಳಿಗ್ಗೆ ಆರು ಗಂಟೆಗೆ ಸಾಲಾಗಿ ಕೂತು ನಾವು ಉಗಿಯುತ್ತಿದ್ದ ಗುಲಾಬಿ ಉಗುಳು ಇನ್ನೂ ಕಣ್ಣ ಮುಂದಿದೆ. ಸದ್ವೈದ್ಯಶಾಲೆಗೆ ಐದು ವರ್ಷ ಮೊದಲು, 1908ರಲ್ಲಿ, ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ಕಾಲೇಜು ಶುರುವಾಗಿತ್ತು. ಹೀಗೆ ಐದಾರು ವರ್ಷದ ಅಂತರದಲ್ಲಿ ವೈದ್ಯನ ಬದುಕಿಗೆ ಎರಡು ಹೊಸ ದಾರಿ ತೆರೆದವು: ಒಂದು ಪ್ರಮಾಣಪತ್ರಕ್ಕೆ, ಇನ್ನೊಂದು ಕಾರ್ಖಾನೆಗೆ. ಜಗಲಿಯ ಮೇಲೆ ಕೂತವನು ಕೂತಲ್ಲೇ ಉಳಿದ.

ದೇವಸ್ಥಾನದ ಆಚೆಯ ಬೀದಿಯಲ್ಲಿ ಒಂದು ಗ್ರಂಥಿಗೆ ಅಂಗಡಿ. ಅಳಲೆಕಾಯಿ, ತಾರೆಕಾಯಿ, ಬಜೆ, ಹಿಪ್ಪಲಿ, ಜ್ಯೇಷ್ಠಮಧು, ಲಾವಂಚದ ಬೇರು. ಅಂಗಡಿಯವರ ವಯಸ್ಸೆಷ್ಟೋ ಮರದ ಡಬ್ಬಿಗಳ ವಯಸ್ಸೂ ಅಷ್ಟೇ ಇದ್ದಂತಿತ್ತು. ನಾಟಿ ವೈದ್ಯರಲ್ಲಿ ಅರ್ಧದಷ್ಟು ಜನ ಈಗ ಕಾಡಿಗೆ ಹೋಗುವುದಿಲ್ಲ, ಇಲ್ಲಿಗೇ ಬರುತ್ತಾರೆ ಎಂದರು ಅವರು. ಕಾಡಿಗೆ ಹೋಗುವವರು ಬೇರೆ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ತಮ್ಮ ಕಾಡಿನ ನೆಲ್ಲಿ, ಜೇನು, ಅಳಲೆಯ ಮೇಲೆ ಸಮುದಾಯದ ಹಕ್ಕು ಕಾಗದದ ಮೇಲೆ ಬಂದದ್ದೇ 2011ರಲ್ಲಿ. ಡಬ್ಬಿಯಲ್ಲಿ ಒಣಗಿ ಕೂತ ಕಾಯಿಗೆ ಇಷ್ಟು ದೊಡ್ಡ ಕಥೆ ಇದೆಯೆಂದು ಕೊಳ್ಳುವವನಿಗೆ ಅನ್ನಿಸುವುದಿಲ್ಲ. ಮೂಲೆಯ ಗಾಜಿನ ಭರಣಿಯಲ್ಲಿ ಗುಲಗಂಜಿ ಇತ್ತು. ಕೆಂಪು ಮೈ, ಕಪ್ಪು ಕಣ್ಣು. ಚಂದಕ್ಕೆ ಒಂದು ಹಿಡಿ ಕೊಡಿ ಎಂದೆ.

"ಮನೇಲಿ ಮಕ್ಳವ್ರಾ?"

"ಇದ್ದಾರೆ."

"ಹಂಗಾರೆ ಬ್ಯಾಡಿ ಬುಡಿ." ಭರಣಿಯನ್ನು ಇನ್ನೂ ಒಳಕ್ಕೆ ತಳ್ಳಿದರು.

ವ್ಯಾಪಾರ ಬೇಡವೆಂದ ಆ ವ್ಯಾಪಾರಿಯ ಮಾತು ಎರಡು ದಿನವೂ ನನ್ನ ಬೆನ್ನ ಹಿಂದೆ ನಡೆದು ಬಂತು.

ಸುತ್ತೂರಿನ ಕಡೆಯಿಂದ ಹೋಗುವ ಬಸ್ಸು ಹಿಡಿದೆ. ಕಬ್ಬು, ಭತ್ತ, ನಾಲೆ, ಮತ್ತೆ ಕಬ್ಬು. ಹಾವಿಗೆ ಇದಕ್ಕಿಂತ ಒಳ್ಳೆಯ ಸೀಮೆ ಇಲ್ಲ. ಪಕ್ಕದ ಸೀಟಿನ ಹೆಂಗಸಿನ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಸ್ಕ್ಯಾನಿಂಗ್ ವರದಿ, ಸಕ್ಕರೆ ಕಾಯಿಲೆಯ ಮಾತ್ರೆ, ಜೊತೆಗೆ ಕಾಗದದಲ್ಲಿ ಸುತ್ತಿದ ಯಾವುದೋ ಚೂರ್ಣ. ಯಾವುದನ್ನು ನಂಬುತ್ತೀರಿ ಎಂದು ಕೇಳುವಷ್ಟು ಸಲಿಗೆ ಬೆಳೆದ ಮೇಲೆ ಕೇಳಿಯೇಬಿಟ್ಟೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇದು ಇಂಗ್ಲಿಷ್ ಮದ್ದು, ಇದು ನಾಟಿ ಮದ್ದು. ನಂಬಾದೇನು, ಎರಡೂ ತಕ್ಕೊತೀನಿ." ಪರ್ಯಾಯ ವೈದ್ಯಪದ್ಧತಿ ಎಂಬ ಮಾತು ಸರ್ಕಾರದ ಕಡತದಲ್ಲಿದೆ, ಪತ್ರಿಕೆಯಲ್ಲಿದೆ, ಈ ಬಸ್ಸಿನಲ್ಲಿ ಅದಕ್ಕೆ ಸೀಟಿಲ್ಲ. ಇಲ್ಲಿ ಯಾವುದೂ ಇನ್ನೊಂದರ ಬದಲಿಗಲ್ಲ, ಎಲ್ಲವೂ ಇನ್ನೊಂದರ ಜೊತೆಗೆ.

ತಿರುಮಕೂಡಲು ನರಸೀಪುರದಲ್ಲಿ ಆಯುರ್ವೇದ ಓದಿದ ಒಬ್ಬ ಡಾಕ್ಟರಮ್ಮ ಸಿಕ್ಕರು. ಹೆಸರು ಬರೆಯಬೇಡಿ ಎಂದರು, ಬರೆಯುವುದಿಲ್ಲ. ಎರಡು ಕೋಣೆ, ಒಂದು ಬೆಂಚು, ಗೋಡೆಯಲ್ಲಿ ಧನ್ವಂತರಿ. ಐದೂವರೆ ವರ್ಷ ಓದಿ, ರಾಜ್ಯದ 1961ರ ಕಾಯ್ದೆಯಡಿ ನೋಂದಾಯಿಸಿಕೊಂಡು ಇಲ್ಲಿ ಕೂತಿದ್ದಾರೆ. ಬೆಳಗಿನಿಂದ ಬಂದ ರೋಗಿಗಳ ಬೇಡಿಕೆ ಏನಿತ್ತು ಎಂದು ಕೇಳಿದೆ. ನಕ್ಕರು. "ಸೂಜಿ. ಎಲ್ಲರಿಗೂ ಸೂಜಿ ಬೇಕು. ಕಷಾಯ ಬರೆದುಕೊಟ್ಟರೆ, ಇದನ್ನ ನಮ್ಮಜ್ಜೀನೇ ಮಾಡ್ತಿತ್ತಲ್ಲ, ಇದಕ್ಕೆ ನಿಮಗ್ಯಾಕೆ ದುಡ್ಡು ಅಂತಾರೆ." ಅಜ್ಜಿಗೆ ಗೊತ್ತಿದ್ದುದನ್ನೇ ಐದೂವರೆ ವರ್ಷ ಕಲಿತವರ ಪಾಡು ಇದು. ಇತ್ತ ಅಜ್ಜಿ, ಅತ್ತ ಎಂಬಿಬಿಎಸ್. 2023ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ಆಯುರ್ವೇದ ವೈದ್ಯರು ಅಲೋಪಥಿ ವೈದ್ಯರಿಗೆ ಸಮನಾದ ಸಂಬಳ ಕೇಳಲಾಗದು ಎಂದಿತು. ತುರ್ತು ಚಿಕಿತ್ಸೆ, ಶವಪರೀಕ್ಷೆಯಂಥ ಕೆಲಸ ಇವರದಲ್ಲ ಎಂಬುದು ಅದರ ತರ್ಕ. ಆ ಮಾತೆತ್ತಿದಾಗ ಅವರು ಕಹಿಯಾಗಿ ಏನೂ ಹೇಳಲಿಲ್ಲ. ಬೆಂಚಿನ ಮೇಲಿನ ಮುದುಕಪ್ಪನ ಮೊಣಕಾಲಿಗೆ ಎಣ್ಣೆ ತೀಡುತ್ತ, "ಇದನ್ನ ಅರ್ಧ ಗಂಟೆ ತೀಡಬೇಕು. ಅರ್ಧ ಗಂಟೆ ಯಾರ ಹತ್ತಿರ ಇದೆ ಹೇಳಿ?" ಎಂದರು. ಮುದುಕಪ್ಪ ಕಣ್ಣು ಮುಚ್ಚಿದ್ದರು. ನನಗೆ ಅನ್ನಿಸಿದ್ದು, ಅವರು ಕೊಂಡುಕೊಳ್ಳಲು ಬಂದಿದ್ದೇ ಆ ಅರ್ಧ ಗಂಟೆಯನ್ನು. ಎಣ್ಣೆ ಅದಕ್ಕೊಂದು ನೆಪ.

ಕಾಮಾಲೆಯ ಮಾತು ಬಂತು. ಈ ಸೀಮೆಯಲ್ಲಿ ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುವವರು ಊರಿಗೊಬ್ಬರು. ಡಾಕ್ಟರಮ್ಮ ಇಲ್ಲಿ ಬಹಳ ಪ್ರಾಮಾಣಿಕರು. ನೀರಿನಿಂದ ಬರುವ ಕಾಮಾಲೆ ಬಹುಪಾಲು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಯಾರ ಲೋಟ ಕೈಯಲ್ಲಿತ್ತೋ ಅವರಿಗೆ ಹೆಸರು. "ನನಗೂ ಹಾಗೆ ಹೆಸರು ಬಂದಿದೆ" ಎಂದರು. ಸರ್ಪಸುತ್ತೂ ಹಾಗೇ. ಕೆಮ್ಮಣ್ಣು ಬಳಿದರೂ ಬಳಿಯದಿದ್ದರೂ ಗುಳ್ಳೆ ಒಣಗುತ್ತವೆ. ತಾನಾಗಿ ವಾಸಿಯಾಗುವ ರೋಗವೇ ವೈದ್ಯನ ಅತಿ ದೊಡ್ಡ ಆಸ್ತಿ, ಅಪಾಯವೂ ಅದೇ. ನೂರು ಸಲ ಗೆದ್ದವನಿಗೆ ನೂರೊಂದನೆಯ ಸಲ ಎದುರಿಗಿರುವುದು ಬೇರೆ ಕಾಮಾಲೆ ಎಂದು ತಿಳಿಯಬೇಕು. ಅದನ್ನು ತಿಳಿಯಲು ಅವರು ರಕ್ತಪರೀಕ್ಷೆ ಬರೆಯುತ್ತಾರೆ. ಆಗ ರೋಗಿ ಕೇಳುತ್ತಾನೆ: ನೀವು ಆಯುರ್ವೇದ ಅಲ್ವಾ?

ಸಂಜೆ ಹೊಳೆಯ ದಡಕ್ಕೆ ಹೋದೆ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ. ದಡದಲ್ಲಿ ಗುಂಜಾ ನರಸಿಂಹ. ಸ್ವಾಮಿಯ ಕೈಯಲ್ಲಿ ಗುಲಗಂಜಿ; ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಹೇಳಲು. ಎಂಥ ವಿನಯದ ಜಂಬ! ಹೆಚ್ಚು, ಆದರೆ ಗುಲಗಂಜಿಯಷ್ಟು. ಆಯುರ್ವೇದದವರಿಗೆ ಗುಂಜಾ ಎಂದರೆ ತೂಕದ ಅಳತೆಯೂ ಹೌದು, ಸುಮಾರು 125 ಮಿಲಿಗ್ರಾಮು; ಉಪವಿಷಗಳ ಪಟ್ಟಿಯಲ್ಲಿ ಸೇರಿದ ಬೀಜವೂ ಹೌದು. ಗಟ್ಟಿ ಸಿಪ್ಪೆ ಒಡೆಯದೆ ನುಂಗಿದರೆ ಹಾಗೇ ಹೊರಬೀಳಬಹುದು, ಜಗಿದರೆ ಜೀವಕ್ಕೆ ಸಂಚಕಾರ. ಔಷಧಿಗೆ ಸೇರಿಸುವ ಮೊದಲು ಬಟ್ಟೆಯಲ್ಲಿ ಗಂಟು ಕಟ್ಟಿ, ಹಾಲಿನಲ್ಲೋ ಗಂಜಿಯ ಹುಳಿನೀರಿನಲ್ಲೋ ತೂಗುಬಿಟ್ಟು ಗಂಟೆಗಟ್ಟಲೆ ಬೇಯಿಸಿ ಶುದ್ಧಿ ಮಾಡುತ್ತಾರೆ. ದೇಶದ ಔಷಧ ನಿಯಮಗಳೂ ಇದನ್ನು ವಿಷದ್ರವ್ಯಗಳ ಅನುಸೂಚಿಯಲ್ಲಿಟ್ಟಿವೆ. ಇದಿರುವ ಮದ್ದನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕೆಂದು ಚೀಟಿಯ ಮೇಲೆ ಬರೆಯಬೇಕು. ಕನ್ನಡದವರಿಗೆ ವಿಷದ ಲೆಕ್ಕ ಹೊಸದಲ್ಲ. 14ನೆಯ ಶತಮಾನದಲ್ಲಿ ಮಂಗರಾಜ ಖಗೇಂದ್ರಮಣಿದರ್ಪಣ ಎಂದು ಬರೀ ವಿಷಚಿಕಿತ್ಸೆಯ ಮೇಲೇ ಒಂದು ಕಾವ್ಯ ಬರೆದಿದ್ದ. ನಂಜುಂಡನ ಊರಿನಿಂದ ಹೊರಟವನು ನಂಜನ್ನು ಕೈಯಲ್ಲೇ ಹಿಡಿದ ದೇವರ ಮುಂದೆ ನಿಂತಿದ್ದೆ. ಒಬ್ಬ ನುಂಗಿದವನು, ಇನ್ನೊಬ್ಬ ತೂಗುವವನು.

ಮರುದಿನ ಬೆಳಿಗ್ಗೆ ಕೊಳ್ಳೇಗಾಲದ ದಿಕ್ಕಿನ ಬಸ್ಸು. ಮೂಗೂರಿಗೆ ಟಿಕೆಟ್ ಕೇಳಿದ್ದಕ್ಕೆ ಕಂಡಕ್ಟರು, "ಪ್ರಭುದೇವನೂರು" ಎಂದು ತಾನೇ ಡೋಲು ಬಡಿದಂತೆ ಟಿಕೆಟ್ ಯಂತ್ರವನ್ನು ತಟ್ಟಿದರು. ಪ್ರಭುದೇವನ ಅಪ್ಪ ಮೂಗೂರು ಸುಂದರ್ ಈ ಊರಿನವರು. ಸಿನಿಮಾಕ್ಕೂ ಮುಂಚೆಯೇ ಇಲ್ಲಿ ಕುಣಿತದ ಮನೆತನಗಳಿದ್ದವು. ಮೈಸೂರಿನ ಭರತನಾಟ್ಯದಲ್ಲಿ ಮೂಗೂರಿನ ಅಮೃತಪ್ಪ, ಜೇಜಮ್ಮ ಎಂದರೆ ತೂಕದ ಹೆಸರು. ತ್ರಿಪುರಸುಂದರಿಯ ಗುಡಿಯ ಮುಂದೆ ನಿಂತು ನಾನು ಯೋಚಿಸಿದ್ದು ಆ ಕೈಗಳ ಬಗ್ಗೆಯೇ. ಕೈಯಿಂದ ಕೈಗೆ ದಾಟುವ ವಿದ್ಯೆಗಳೆಲ್ಲ ಒಂದೇ ಜಾತಿಯವು. ಬರೆದಿಡಲು ಹೋದರೆ ಅರ್ಧ ಉದುರಿಹೋಗುತ್ತದೆ. ಹಳ್ಳಿಯವರು ಆ ಉದುರಿದ ಅರ್ಧಕ್ಕೇ ಕೈಗುಣ ಎನ್ನುತ್ತಾರೆ.

ಮೂಳೆ ಕಟ್ಟುವವರ ಮನೆ ಯಾರನ್ನು ಕೇಳಿದರೂ ತೋರಿಸಿದರು. ಎಪ್ಪತ್ತು ದಾಟಿದವರು, ಹಲ್ಲಿಲ್ಲ, ಬೆರಳುಗಳು ಮಾತ್ರ ಹುರಿಗಟ್ಟಿದ ಹಗ್ಗ. ಜಗಲಿಯ ಮಗ್ಗುಲಲ್ಲಿ ಮಂಗರವಳ್ಳಿ ಗೋಡೆ ಹತ್ತಿತ್ತು. ಪಕ್ಕದಲ್ಲಿ ಅವರಿಗಿಂತ ಹಿರಿಯಳಾದ ಒಬ್ಬ ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಒಂದು ಕಾಲಕ್ಕೆ ಸೂಲಗಿತ್ತಿ. ಈಗ ಹೆರಿಗೆ ನೋವು ಬಂದರೆ 108 ಬರುತ್ತದೆ, ಅಜ್ಜಿಗೆ ಹೇಳಿಕಳಿಸುವುದು ಮಗು ಮನೆಗೆ ಬಂದ ಮೇಲೆ, ನೀರೆರೆಯಲು. "ಈಚೀಚೆ ಬರೀ ನೀರಿನ ಅಜ್ಜಿ ಆಗಿವ್ನಿ" ಎಂದಳು. ದುಃಖದಿಂದ ಹೇಳಿದಳೆಂದು ಬರೆದರೆ ಸುಳ್ಳಾಗುತ್ತದೆ. ಕತ್ತಲ ರಾತ್ರಿ, ಅಡ್ಡ ತಿರುಗಿದ ಕೂಸು, ಅಳುವ ಅತ್ತೆ. ಅದೆಲ್ಲ ತಪ್ಪಿತಲ್ಲ ಎಂಬ ನಿರಾಳವೂ ಆ ದನಿಯಲ್ಲಿತ್ತು. ಪಾವಗಡದ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಕೊನೆಗೇ ಆಕೆ ತೀರಿಕೊಂಡಳು. ಆಕೆಗೆ ಸಂದ ಗೌರವ ಈ ಜಗಲಿಯವರೆಗೆ ನಡೆದು ಬಂದಿಲ್ಲ. ಬಂದರೂ ಅಜ್ಜಿ ಮೊದಲು ಕೇಳುವುದು, ತಿಂಗಳಿಗೆ ಎಷ್ಟು ಎಂದೇ.

ಮೂಳೆಯವರು ದರ ಹೇಳುವುದಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆಯ ಮೇಲೆ ಇಟ್ಟಷ್ಟು. ಮಂಗಳವಾರ, ಭಾನುವಾರ ಜನ ಹೆಚ್ಚು. ಬರುವವರು ಎಕ್ಸ್‌ರೇ ತರಲೇಬೇಕು ಎಂದು ಕೇಳಿ ನಾನು ಬೆಪ್ಪಾದೆ. ಎದ್ದು ಬಾಗಿಲಿಗೆ ಬಂದು, ಯಾರದೋ ಹಳೆಯ ಎಕ್ಸ್‌ರೇ ಹಾಳೆಯನ್ನು ಸೂರ್ಯನಿಗೆ ಹಿಡಿದು ತೋರಿಸಿದರು. "ನಮ್ಮಪ್ಪ ಬೆರಳಲ್ಲೇ ನೋಡೋನು. ನಾನೂ ಬೆರಳಲ್ಲೇ ನೋಡ್ತೀನಿ. ಆಮೇಲೆ ಇದ್ರಲ್ಲಿ ನೋಡಿ ನನ್ ಬೆರಳು ಸುಳ್ ಹೇಳ್ತಾ ನಿಜ ಹೇಳ್ತಾ ತಿಳ್ಕೊತೀನಿ." ಕಟ್ಟಿದ ಮೇಲೆ ಉಗುರನ್ನು ಒತ್ತಿ ಬಿಡುತ್ತಾರೆ; ಬಿಳಿಚಿದ ಉಗುರಿಗೆ ಕೂಡಲೇ ಕೆಂಪು ಮರಳಬೇಕು. ಮರಳದಿದ್ದರೆ ಕಟ್ಟು ಬಿಗಿ, ಬಿಚ್ಚು. ದೊಡ್ಡಾಸ್ಪತ್ರೆಯಲ್ಲೂ ಪ್ಲಾಸ್ಟರು ಹಾಕಿದ ಮೇಲೆ ಮಾಡುವುದು ಇದನ್ನೇ.

ಹಾವಿನ ಮದ್ದು ಕೊಡ್ತೀರಾ ಎಂದೆ. ಅಪ್ಪ ಕೊಡುತ್ತಿದ್ದರಂತೆ, ಈಶ್ವರಿಬಳ್ಳಿ ಅರೆದು. ಇವರು ಬಿಟ್ಟಿದ್ದಾರೆ. ಬಿಟ್ಟಿದ್ದು ಒಳ್ಳೆಯದೇ ಆಯಿತು ಎಂದು ನಾನು ಓದಿದ್ದನ್ನು ಹೇಳಿದೆ: ಆ ಬಳ್ಳಿಯ ಕುಲದಲ್ಲಿ ಮೂತ್ರಪಿಂಡ ಕೆಡಿಸುವ, ಕ್ಯಾನ್ಸರ್ ತರುವ ಆಮ್ಲವಿದೆ, 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಇಳಿಸುವ ಮಾತ್ರೆಗೆ ಅದರ ಸೋದರ ಗಿಡ ಸೇರಿ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಹಾಳಾಯಿತು. ಅವರು ಬೆಲ್ಜಿಯಂ ಎಲ್ಲಿ ಎಂದು ಕೇಳಲಿಲ್ಲ. "ಕಚ್ಚಿದ್ ಹಾವೆಲ್ಲ ನಂಜಿಂದಲ್ಲ ಬುದ್ಧಿ. ನಂಜಿಲ್ದಿದ್ ಹಾವು ಕಚ್ಚಿದೋರು ಉಳ್ಕಂಡ್ರು, ನಮ್ಮಪ್ಪಂಗೆ ಹೆಸ್ರು ಬಂತು. ನಾಗರಾವ್ ಕಚ್ಚಿದೋರು ಹೋದ್ರು, ಅವ್ರ ಹಣೆಬರಾಕ್ ಹೆಸ್ರು ಬಂತು." ಡಾಕ್ಟರಮ್ಮ ಕಾಮಾಲೆಯ ಬಗ್ಗೆ ಹೇಳಿದ್ದೂ ಇದನ್ನೇ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ದೇಶದಲ್ಲೇ ಮೊದಲು. ಈ ಜಗಲಿಯ ಮೇಲೆ ಆ ತಿಳಿವಳಿಕೆ ಅದಕ್ಕೂ ಮೊದಲೇ ಬಂದಿತ್ತು.

ಗುಟ್ಟಿನ ಬಗ್ಗೆ ಕೇಳದೆ ಇರಲಾಗಲಿಲ್ಲ. ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎನ್ನುವುದು ಎಲ್ಲ ನಾಟಿ ವೈದ್ಯರ ಮಾತು. ಹೇಳದಿದ್ದರೆ ಏನಾಗಬಹುದೆಂಬುದಕ್ಕೆ ಮೈಸೂರಿನಲ್ಲೇ ಒಂದು ಕರಾಳ ಕಥೆ ಇದೆ. ಮೂಲವ್ಯಾಧಿಗೆ ಮದ್ದು ಕೊಡುತ್ತಿದ್ದ ಒಬ್ಬರನ್ನು 2019ರ ಆಗಸ್ಟ್‌ನಲ್ಲಿ ಅಪಹರಿಸಿ, ಕೇರಳದ ನಿಲಂಬೂರಿನ ಮನೆಯೊಂದರಲ್ಲಿ ವರ್ಷಕ್ಕೂ ಹೆಚ್ಚು ಕಾಲ ಕೂಡಿಹಾಕಿ, ಮದ್ದಿನ ಗುಟ್ಟಿಗಾಗಿ ಹಿಂಸಿಸಿದರು. 2020ರಲ್ಲಿ ಅವರ ಜೀವ ಹೋಯಿತು, ಗುಟ್ಟು ಹೊರಬರಲಿಲ್ಲ. ಈ ಕಥೆ ಇವರಿಗೂ ಗೊತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದು, "ನನ್ ತಾವು ಗುಟ್ಟೇ ಇಲ್ಲ. ಮಗುಂಗೆ ಕಲಿ ಅಂದೆ. ನಂಜನಗೂಡಲ್ಲಿ ಫ್ಯಾಕ್ಟ್ರಿಗ್ ಹೋಯ್ತನೆ. ಪಿಎಫ್ ಹಿಡೀತರಂತೆ" ಎಂದರು. ಪಿಎಫ್ ಎಂಬ ಎರಡಕ್ಷರವನ್ನು ಮಂತ್ರದಂತೆ ಬಿಡಿಸಿ ಹೇಳಿದರು. ಮನೆತನದ ವಿದ್ಯೆಯೊಂದೇ ಇದ್ದರೆ ವೈದ್ಯ ಎನ್ನಿಸಿಕೊಂಡು ಚಿಕಿತ್ಸೆ ಮಾಡುವಂತಿಲ್ಲ ಎಂದು 2018ರಲ್ಲೇ ಸುಪ್ರೀಂ ಕೋರ್ಟು ಕೇರಳದ ಪಾರಂಪರಿಕ ವೈದ್ಯರಿಗೆ ಹೇಳಿದೆ. ಮಗ ಆ ತೀರ್ಪನ್ನು ಓದಿರಲಾರ. ಆದರೂ ಅದರ ಅರ್ಥ ಅವನಿಗೆ ಅಪ್ಪನಿಗಿಂತ ಮೊದಲೇ ಗೊತ್ತಿತ್ತು.

ಹನ್ನೊಂದರ ಹೊತ್ತಿಗೆ ಬೈಕೊಂದು ಬಂದು ನಿಂತಿತು. ನಡುವೆ ಏಳೆಂಟು ವರ್ಷದ ಹುಡುಗ, ಮೊಣಕೈ ಊದಿ ಹಲಸಿನ ತೊಳೆಯಾಗಿತ್ತು. ಮುದುಕರು ಎದ್ದರು. ಮುಖ ಬದಲಾಯಿತು. ಕೈಯನ್ನು ಹೂವಿನಂತೆ ಅಂಗೈಗೆ ತೆಗೆದುಕೊಂಡರು, ಉಗುರು ಒತ್ತಿ ನೋಡಿದರು, ಮಣಿಕಟ್ಟಿನ ನಾಡಿ ಹುಡುಕಿದರು. ದಬ್ಬೆ ಮುಟ್ಟಲಿಲ್ಲ. ತಮ್ಮ ಹೆಗಲ ಮೇಲಿನ ಟವಲನ್ನೇ ಜೋಲಿ ಮಾಡಿ ಹುಡುಗನ ಕತ್ತಿಗೆ ಕಟ್ಟಿ, ಅಪ್ಪನಿಗೆ ಹೇಳಿದರು: "ಮೈಸೂರು ಕೆ.ಆರ್. ಆಸ್ಪತ್ರೆ. ಈಗ್ಲೇ. ದಾರೀಲಿ ಎಲ್ಲೂ ನಿಲ್ಬ್ಯಾಡ. ಬೆರಳು ತಣ್ಣಗಾಯ್ತವಾ ಅಂತ ಮುಟ್ಟಿ ಮುಟ್ಟಿ ನೋಡ್ಕಂಡ್ ಓಗು." ಅಪ್ಪ ಗೊಣಗಿದ. ಎಣ್ಣೆಯನ್ನಾದರೂ ಹಾಕಿ, ಅಷ್ಟು ದೂರದಿಂದ ಬಂದಿದ್ದೇವೆ. ಬೈದು ಅಟ್ಟಿದರು. ತಟ್ಟೆಗೆ ಬಿದ್ದ ಐವತ್ತರ ನೋಟನ್ನು ಹುಡುಗನ ಜೇಬಿಗೆ ತುರುಕಿದರು.

ಬೈಕಿನ ಸದ್ದು ಅಡಗಿದ ಮೇಲೆ ತಾವಾಗಿಯೇ ಹೇಳಿದರು. "ಮಕ್ಳ ಮೊಣಕೈ ನಾನ್ ಮುಟ್ಟಲ್ಲ. ಇಪ್ಪತ್ ವರ್ಸದ ಹಿಂದೆ ಒಂದ್ ಕಟ್ಟಿದ್ದೆ. ಬಿಗಿ ಕಟ್ಟಿದ್ದೆ. ಆ ಹುಡುಗ್ನ ಬೆರಳು ಮಡಚ್ಕಂಡೇ ನಿಂತೋದೊ. ಈಗ ದೊಡ್ಡೋನಾಗವ್ನೆ, ಇಲ್ಲೇ ಪಕ್ಕದೂರು. ಸಂತೇಲಿ ಎದುರಿಗ್ ಬಂದ್ರೆ ನಾನು ಆಚೆ ಸಾಲಿಗ್ ಓಯ್ತಿನಿ." ಸೂಲಗಿತ್ತಿ ಅಜ್ಜಿಯ ಕುಟ್ಟಾಣಿ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ನಾನು ಹೊರಡಲು ಎದ್ದಾಗ ಅವರ ಕಣ್ಣು ನನ್ನ ಎಡಗೈ ಮೇಲೆ ಬಿತ್ತು. ಕೇಳದೆಯೇ ಹಿಡಿದುಕೊಂಡರು. ಹೆಬ್ಬೆರಳು ಮೂಳೆಯ ಗುಂಟ ನಿಧಾನ ನಡೆಯಿತು, ಒಂದು ಕಡೆ ನಿಂತಿತು, ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು. "ಚೆಂದಾಗ್ ಕಟ್ಟವ್ರೆ. ಮಟ್ಟಸವಾಗ್ ಕೂತಿತ್ತು. ನಡುವಲ್ ಯಾರೋ ಬಿಚ್ಬುಟ್ಟವ್ರೆ. ಯಾರ್ ಬಿಚ್ಚಿದ್ದು?"

ನೆನಪಿಲ್ಲ ಎಂದೆ.

ಎಕ್ಸ್‌ರೇ ಇಲ್ಲದೆ ಹೇಳಿದ ಮಾತು, ಅವರ ಬೆರಳು ಸುಳ್ಳೂ ಹೇಳಿರಬಹುದು. ಆದರೆ ನರಸೀಪುರದ ಬಸ್ಸಿನಲ್ಲಿ, ನಾಲೆಯ ಏರಿ ಕಿಟಕಿಯ ಪಕ್ಕಕ್ಕೆ ಬಂದಾಗ, ನೀರಿನ ವಾಸನೆಯ ಜೊತೆಗೆ ಅದು ಬಂತು. ಕಟ್ಟಿ ಹತ್ತೋ ಹನ್ನೆರಡೋ ದಿನ. ಒಳಗೆ ತುರಿಕೆ. ಹುಡುಗರೆಲ್ಲ ನಾಲೆಗೆ ಧುಮುಕುತ್ತಿದ್ದಾರೆ. ನಾನು ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಚ್ಚಿ, ದಬ್ಬೆಗಳನ್ನು ಕಲ್ಲಿನ ಮೇಲೆ ಜೋಡಿಸಿಟ್ಟು ನೀರಿಗಿಳಿದೆ. ಈಜು ಮುಗಿದ ಮೇಲೆ ಒಬ್ಬ ಗೆಳೆಯನಿಂದ ಹೇಗೋ ಸುತ್ತಿಸಿಕೊಂಡು ಮನೆಗೆ ಹೋದೆ. ಅಜ್ಜಿಗೆ ಹೇಳಲಿಲ್ಲ. ಕಟ್ಟು ಬಿಚ್ಚಿದ ದಿನ ಸೊಟ್ಟ ಕಂಡು ಅಜ್ಜಿ ಆ ಮುದುಕರ ಕೈಗುಣ ಹೋಯಿತು ಎಂದು ಊರೆಲ್ಲ ಹೇಳಿಕೊಂಡು ಬಂದಳು. ವರ್ಷವರ್ಷ ಮಾಗಿಯಲ್ಲಿ ಅವರ ಮನೆಗೆ ಕಳಿಸುತ್ತಿದ್ದ ಒಂದು ಮೊರ ಅವರೆಕಾಯಿಯನ್ನು ಅಲ್ಲಿಗೆ ನಿಲ್ಲಿಸಿದಳು.